ಹಡಗಿನಿಂದ ಚರಗ

ಗಿರಣಿ ತಿರುಗುತ್ತಿದೆಯೇನೋ ಎಲ್ಲೋ ಕೆಳಗೆ, ಗುಂಯ್ ಎಂದು, ಅಬ್ಬಿಗೇರಿಯ ಹಿಟ್ಟಿನ ಗಿರಣಿಯನ್ನು ಇಷ್ಟು ಬೇಗ ಯಾರು ಶುರು ಮಾಡಿದರು — ಅಲ್ಲ, ಗಿರಣಿಯಲ್ಲ, ಹಡಗು, ನಾನು ಹಡಗಿನಲ್ಲಿದ್ದೇನೆ, ಬೆನ್ನ ಕೆಳಗೆ ನಡುಗುತ್ತಿರುವುದು ಹಾಸಿಗೆ, ಹಾಸಿಗೆಯ ಕೆಳಗೆ ಕಬ್ಬಿಣ, ಕಬ್ಬಿಣದ ಕೆಳಗೆ ನೀರು, ಅದರ ಕೆಳಗೆ ಏನಿದೆಯೋ ಶಿವನೇ ಬಲ್ಲ. ಬೆಳಗಾಗಿದೆಯೋ ಇಲ್ಲವೋ ತಿಳಿಯುವಂತಿಲ್ಲ, ಈ ಖೋಲಿಗೆ ಕಿಟಕಿಯೇ ಇಲ್ಲ, ಅಗ್ಗದ ಟಿಕೆಟಿನವರಿಗೆ ಕಿಟಕಿ ಕೊಡುವುದಿಲ್ಲವಂತೆ, ನೆಲದಡಿ ಜೋಳ ತುಂಬುವ ಹಗೇವಿಗೆ ನಾಲ್ಕು ಜನರನ್ನು ಇಳಿಸಿ ಮೇಲೆ ಕಲ್ಲು ಮುಚ್ಚಿದ ಹಾಗಿದೆ, ಗೋಡೆಗೆ ಸಿಕ್ಕಿಸಿದ ಮೇಲಿನ ಹಾಸಿಗೆಯಿಂದ ಮಗ ಸಂಗನಬಸವನ ಕಾಲು ಜೋತುಬಿದ್ದಿದೆ, ಎದುರಿನ ಹಾಸಿಗೆಯಲ್ಲಿ ಸೊಸೆ ನಿರ್ಮಲಾ, ಅವಳ ಮಗ್ಗುಲಿಗೆ ಮೊಮ್ಮಗಳು ಚಿನ್ನು, ಗೋಡೆಯ ಟೀವಿಯಲ್ಲಿ ಸಮುದ್ರ. ಹೌದು, ಟೀವಿಯಲ್ಲಿ ಸಮುದ್ರ, ಹಡಗಿನ ಮೂತಿಗೆ ಒಂದು ಕ್ಯಾಮೆರಾ ಕೂರಿಸಿದ್ದಾರಂತೆ, ಅದು ಕಂಡದ್ದನ್ನು ಕಿಟಕಿಯಿಲ್ಲದವರು ಮಲಗಿಕೊಂಡೇ ನೋಡಬಹುದಂತೆ, ಅವ್ವಾ ನೋಡಿಲ್ಲೆ, ಸಮುದ್ರ ಖೋಲ್ಯಾಗ ಬಂದೈತಿ, ಎಂದು ನಿನ್ನೆ ಸಂಗನಬಸವ ರಿಮೋಟು ಒತ್ತಿ ತೋರಿಸಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ರೋಣದ ಅಂಗಡಿಯಲ್ಲಿ ದಿನವಿಡೀ ಮಂದಿಗೆ ಟೀವಿ ಮಾರುವವನು, ಅವನಿಗೆ ಅದೇ ಸಮುದ್ರ. ಆ ಟೀವಿಯ ನೀರು ಈಗ ಬೂದಿ ಬಣ್ಣ ಬಿಟ್ಟು ಬೆಳ್ಳಗಾಗಿದೆ, ಅಂದರೆ ಬೆಳಗಾಗಿದೆ, ಅಂದರೆ ಅಮಾವಾಸ್ಯೆ, ಎಳ್ಳ ಅಮಾವಾಸ್ಯೆ, ಅಂದರೆ ಅಬ್ಬಿಗೇರಿಯ ಮನೆ ಮನೆಯಲ್ಲೂ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುತ್ತಿರುತ್ತಾರೆ, ಮತ್ತು ನನ್ನ ತಾಮ್ರದ ತಂಬಿಗೆ, ಕೊರಳಲ್ಲಿ ನೆಗ್ಗಿರುವ ತಂಬಿಗೆ, ಮೈದುನ ಗುರುಸಂಗಪ್ಪನ ಕೈಯಲ್ಲಿದೆ. ನಾನೇ ಕೊಟ್ಟು ಬಂದೆ.

ಕೊಟ್ಟದ್ದು ಹೀಗೆ, ಮನೆಯ ಹೊಸ್ತಿಲಲ್ಲಿ, ಬ್ಯಾಗುಗಳನ್ನೆಲ್ಲ ಕಾರಿಗೆ ಹಾಕಿಯಾಗಿತ್ತು, ಗದಗಿನ ಸ್ಟೇಷನ್ನಿನವರೆಗೆ ತಾನೇ ಬಿಟ್ಟು ಬರುತ್ತೇನೆಂದು ಗುರುಸಂಗಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಂದು ನಿಂತಿದ್ದ, ವೈನಿ, ತಂಬಗಿ ಒಂದ ಕೊಟ್ಟು ಹೋಗ್ರಿ, ಅಮಾಸಿ ದಿನಾ ನೀವು ಇರಂಗಿಲ್ಲ, ಹೊಲಕ್ಕ ಚರಗಾ ನಾನ ಚೆಲ್ತೀನಿ, ಕಾಳಜಿ ಮಾಡಬ್ಯಾಡ್ರಿ, ಅರಾಮ ಸಮುದ್ರ ನೋಡಿ ಬರ್ರಿ, ಅಂದ, ನಾನು ದೇವರ ಜಗಲಿಯಿಂದ ತಂಬಿಗೆ ಇಳಿಸಿ, ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ, ಪೆದ್ದಿ, ಇಷ್ಟು ವಯಸ್ಸಾಗಿ ಪೆದ್ದಿ. ಸಮುದ್ರದ ಆಸೆ ನನಗೂ ಇತ್ತು, ಇಲ್ಲವೆಂದರೆ ಸುಳ್ಳಾದೀತು, ನಮ್ಮ ಸೀಮೆಯಲ್ಲಿ ನೀರೆಂದರೆ ಹಳ್ಳ, ಕೆರೆ, ಮಲಪ್ರಭೆಯ ಕಾಲುವೆ, ಅಷ್ಟೇ, ಆಚೆ ದಡ ಕಾಣದ ನೀರು ಹೇಗಿರುತ್ತದೆಂದು ಸಾಯುವುದರೊಳಗೆ ನೋಡಬೇಕೆಂದಿದ್ದೆ, ಅದನ್ನು ಗುರುಸಂಗಪ್ಪನ ಮುಂದೆಯೇ ಎಷ್ಟು ಸಲ ಬಾಯಿಬಿಟ್ಟು ಹೇಳಿದ್ದೆನೋ. ಅವನ ಕೈಗೆ ತಂಬಿಗೆ ಹೋಗುವಾಗ ಅವನ ಹೆಬ್ಬೆರಳು ಆ ನೆಗ್ಗಿದ ಜಾಗದಲ್ಲಿ ಸರಿಯಾಗಿ ಕೂತುಕೊಂಡಿತು, ಅದನ್ನು ನೋಡಿದ್ದೇನೆ, ನೋಡಿಯೂ ಸುಮ್ಮನೆ ಕಾರು ಹತ್ತಿದೆ. ಆ ನೆಗ್ಗು ನನ್ನದು. ಸಂಗನಬಸವ ಹೊಟ್ಟೆಯಲ್ಲಿದ್ದ ವರ್ಷ ಎರೆಮಣ್ಣಿನ ಹೆಂಟೆ ಎಡವಿ ಬಿದ್ದೆ, ತಂಬಿಗೆ ಬದುವಿನ ಕಲ್ಲಿಗೆ ಬಡಿಯಿತು, ಮುಂದೆ ಹೋಗುತ್ತಿದ್ದ ನನ್ನ ಗಂಡ ಅಂದಾನೆಪ್ಪ ತಿರುಗಿ ನೋಡಲಿಲ್ಲ, ಚರಗ ಚೆಲ್ಲುವವನು ತಿರುಗಿ ನೋಡಬಾರದು, ಅದು ಪದ್ಧತಿ, ಎದ್ದೆಯೇನ ಸಿದ್ದಲಿಂಗವ್ವಾ ಎಂದು ಮುಂದಕ್ಕೆ ಮುಖ ಮಾಡಿಕೊಂಡೇ ಕೇಳಿದ, ಎದ್ದೀನಿ ನಡೀರಿ ಅಂದೆ, ಮೊಣಕಾಲಿನ ರಕ್ತ ಒರೆಸಿಕೊಂಡು ಉಳಿದಷ್ಟು ನೀರು ಚಿಮುಕಿಸುತ್ತ ಹೊಲ ಪೂರಾ ಸುತ್ತಿದೆ.

ಹೊಲ ಬಸುರಿಯಾಗಿರುತ್ತದೆ ಆ ಹೊತ್ತಿಗೆ, ಬಿಳಿಜೋಳ ತೆನೆಗಟ್ಟಿ, ಕಡಲೆ ಕಾಯಿ ಕಟ್ಟಿ, ಬಸುರಿಗೆ ಬಯಕೆಯ ಊಟ ಬೇಡವೇ, ಅದಕ್ಕೆಂದೇ ಚರಗ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಲೆ, ಕಿಚಡಿ, ರೊಟ್ಟಿ ಎಲ್ಲವನ್ನೂ ಬುಟ್ಟಿಯಲ್ಲಿ ಕಲಸಿಕೊಂಡು ಬದುವಿನಗುಂಟ ಹೊಲ ಸುತ್ತಿ ಚೆಲ್ಲುವುದು, ಹುಲ್ಲುಲ್ಲಿಗೋ ಎಂದು ಮುಂದಿನವನು ಕೂಗುವುದು, ಚಲ್ಲಂಬರಿಗೋ ಎಂದು ಉಳಿದವರು ಓಗೊಡುವುದು, ಹಿಂದೆ ಒಬ್ಬರು ತಂಬಿಗೆಯಿಂದ ನೀರು ಬಿಡುವುದು. ನಮ್ಮ ಮನೆಯಲ್ಲಿ ಚೆಲ್ಲುವವನು ಗಂಡಸು, ತಂಬಿಗೆ ಹಿಡಿಯುವವಳು ಹೆಂಡತಿ. ಕಡಬು ಮಾಡಿದವಳು ನಾನು, ಬುಟ್ಟಿ ಹೊತ್ತು ತಂದವಳು ನಾನು, ಆ ಹೊಲದಲ್ಲಿ ಕಳೆ ಕಿತ್ತವಳು, ಹತ್ತಿ ಬಿಡಿಸಿದವಳು, ಗುರುಸಂಗಪ್ಪನ ಹೊಲಕ್ಕೂ ನಮ್ಮ ಹೊಲಕ್ಕೂ ಗಡಿಯಾದ ನಡು ಬದುವಿಗೆ ಕಲ್ಲು ಹೊತ್ತವಳು ನಾನು, ಆದರೆ ಚರಗವೆಂದರೆ ನನ್ನ ಕಣ್ಣಿಗೆ ಒಂದು ಬೆನ್ನು, ಬೆವರಿನಿಂದ ಅಂಗಿ ಅಂಟಿದ ಬೆನ್ನು, ಮದುವೆಯಾಗಿ ಬಂದಾಗಿನಿಂದ ಅಷ್ಟೇ ಕಂಡದ್ದು. ಅಂದಾನೆಪ್ಪನ ಬೆನ್ನಿನ ಮೇಲೆ ನನಗೆ ಸಿಟ್ಟಿಲ್ಲ, ಅದು ನನ್ನ ಬೆನ್ನು. ಅವನು ಹೋದ ಮೇಲಿನ ಮೊದಲ ಅಮಾವಾಸ್ಯೆಗೆ, ಅಂದರೆ ಹೋದ ವರ್ಷ, ಇನ್ನೂ ಕಣ್ಣೀರೇ ಆರಿರಲಿಲ್ಲ, ವೈನಿ, ಈ ವರ್ಷ ನಮ್ಮಣ್ಣನ ಬದ್ಲಿ ನಾ ಚೆಲ್ತೀನಿ ಎಂದು ಗುರುಸಂಗಪ್ಪ ಮುಂದಾದ, ಆಗಲಿ ಎಂದೆ, ಅವನ ಬೆನ್ನ ಹಿಂದೆ ತಂಬಿಗೆ ಹಿಡಿದು ನಡೆದೆ, ಅಲ್ಲಿಂದ ಶುರುವಾಯಿತು ನೋಡು, ಒಂದೇ ಒಂದು ಸಲ ಚೆಲ್ಲಿದ್ದಕ್ಕೆ, ಊರಿನವರು ಅವನನ್ನು ಕೇಳತೊಡಗಿದರು, ಗುರುಸಂಗಪ್ಪಾ, ನಿನ್ನ ಆ ಕಡೀ ಹೊಲದಾಗ ಕಡ್ಲಿ ಹ್ಯಾಂಗದಾವೋ, ಯಾವಾಗ ಕೀಳಸ್ತೀ, ಮತ್ತು ಅವನು, ನಂದಲ್ಲ, ಅದು ನಮ್ಮ ವೈನಿ ಹೊಲ, ಎನ್ನಲಿಲ್ಲ, ನಾನು ಕಟ್ಟೆಯ ಪಕ್ಕದಲ್ಲೇ ಹಾಯುತ್ತಿದ್ದೆ, ಚಲೋ ಅದಾವ, ಬರೂ ವಾರ ಕೀಳಸ್ತೀನಿ, ಅಂದ, ನನ್ನ ಕಣ್ಣು ತಪ್ಪಿಸಿ.

ಅತ್ತಿ, ಎದ್ದ್ರೇನ್ರಿ, ಲಗೂ ಹೋಗೂಣ್ರಿ, ಹೊತ್ತಾದ್ರ ಸರತಿ ಭಾಳ ಉದ್ದಾಗತೈತಿ — ನಿರ್ಮಲಾ, ತಲೆ ಬಾಚುತ್ತ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಈ ಹುಡುಗಿಗೆ ಹಡಗಿನ ವಿದ್ಯೆಯೆಲ್ಲ ಒಂದೇ ದಿನದಲ್ಲಿ ಬಾಯಿಪಾಠವಾಗಿದೆ, ಯಾವ ಮಹಡಿಯಲ್ಲಿ ಊಟ, ಯಾವ ಮಹಡಿಯಲ್ಲಿ ನಾಟಕ, ಯಾವುದಕ್ಕೆ ಬೇರೆ ರೊಕ್ಕ ಯಾವುದು ಟಿಕೆಟಿನಲ್ಲೇ ಬಂತು, ಬುಫೆಯ ಚಹಾ ಪುಕ್ಕಟೆ, ಅದರ ಪಕ್ಕದ ಮಶಿನ್ನಿನ ಕಾಫಿಗೆ ರೊಕ್ಕ, ಈಜುವ ಹೊಂಡ ಪುಕ್ಕಟೆ, ಇಂಟರ್ನೆಟ್ಟಿಗೆ ರೊಕ್ಕ, ಕೊರಳಿಗೆ ನೇತುಹಾಕಿದ ಕಾರ್ಡು ಕಳೆದರೆ ಖೋಲಿಯ ಬಾಗಿಲು ತೆರೆಯದು. ಹೊರಗೆ ಕಾಲುದಾರಿಯಂಥ ಉದ್ದದ ಪಡಸಾಲೆ, ಎರಡೂ ಕಡೆ ಒಂದೇ ತೆರನ ಬಾಗಿಲು, ನೆಲಕ್ಕೆ ಹಾಸಿದ ಜಮಖಾನೆ ತುಸುವೇ ಅತ್ತಿತ್ತ ವಾಲುತ್ತದೆ, ನಿನ್ನೆ ಇಲ್ಲೇ ಎಲ್ಲರಿಗೂ ಕೇಸರಿ ಜಾಕೀಟು ತೊಡಿಸಿ ಸಾಲಾಗಿ ನಿಲ್ಲಿಸಿ, ಹಡಗು ಮುಳುಗಿದರೆ ಎತ್ತ ಓಡಬೇಕೆಂದು ಸೀಟಿ ಊದಿ ಕಲಿಸಿದರು, ಚಿನ್ನು ಕೇಳಿತು, ಆಯೀ, ಹಡಗ ಮುಳಗತೈತೇನ, ಇಲ್ಲವ್ವಾ, ಮುಳುಗೂದಿಲ್ಲ, ನಾ ಅದೀನಿ ಅಂದೆ. ಗಜೇಂದ್ರಗಡದ ಮಗ್ಗದ ಸೀರೆ ಉಟ್ಟಿದ್ದೇನೆ, ಹಸಿರು, ಕೆಂಪಂಚು, ಅಮಾವಾಸ್ಯೆಗೆಂದು ಮಡಿಸಿ ತಂದದ್ದು, ಇದ್ಯಾಕ್ರಿ ಅತ್ತಿ ಹಡಗಿನ್ಯಾಗ ಇಷ್ಟ ಭಾರದ ಸೀರಿ, ಎಂದು ನಿರ್ಮಲಾ ಅಂದಳು, ನಾನು ಕೇಳಿಯೂ ಕೇಳದವಳಂತೆ ನಿರಿಗೆ ಸರಿ ಮಾಡಿಕೊಂಡೆ.

ಸರತಿ ಎಂದರೆ ಸರತಿ, ಜಗತ್ತಿನ ಹಸಿವೆಲ್ಲ ಈ ಒಂದು ಹಾಲಿಗೆ ಬಂದಿದೆ, ಇಡ್ಲಿಯ ಮುಂದೆ, ಪೋಹೆಯ ಮುಂದೆ, ಜೈನರಿಗೆಂದು ಬೇರೆ ಇಟ್ಟ ಟೇಬಲ್ಲಿನ ಮುಂದೆ, ತತ್ತಿ ಒಡೆದು ಹಾರಿಸುವ ಟೋಪಿಯವನ ಮುಂದೆ, ತಟ್ಟೆಯಲ್ಲಿ ಗುಡ್ಡ ಕಟ್ಟಿಕೊಂಡು ಹೋಗುತ್ತಾರೆ, ಅರ್ಧ ತಿಂದು ಬಿಡುತ್ತಾರೆ, ಮತ್ತೆ ಬರುತ್ತಾರೆ, ಬಿಟ್ಟದ್ದನ್ನು ದೊಡ್ಡ ಡಬ್ಬಿಗೆ ಸುರಿಯುತ್ತಾರೆ, ಮತ್ತು ನನ್ನ ಬುತ್ತಿಯನ್ನು ಇವರು ಮುಂಬಯಿಯ ಬಂದರಿನಲ್ಲಿ ಕಸಿದುಕೊಂಡರು. ಎರಡು ದಿನ ಕೂತು ಮಾಡಿದ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿ, ಬಿಳಿ ಅರಿವೆಯಲ್ಲಿ ಕಟ್ಟಿದ್ದು, ತಪಾಸಣೆಯ ಮಶಿನ್ನಿನೊಳಗಿಂದ ಆಚೆ ಬಂದ ಕೂಡಲೇ ಸಮವಸ್ತ್ರದ ಹುಡುಗಿ ಎತ್ತಿ ಬದಿಗಿಟ್ಟಳು, ಹೊರಗಿನ ಊಟ ಒಳಗಿಲ್ಲ ಮಾಜೀ, ರೂಲ್ ಹೈ, ರೂಲಾದರೆ ಆಗಲಿ, ಅದು ಬರಿಯ ಊಟವಲ್ಲ ತಾಯಿ, ಅಮಾವಾಸ್ಯೆಯದು ಎಂದು ಹೇಳಲು ನನಗೆ ಹಿಂದಿ ಬರಲಿಲ್ಲ, ಸಂಗನಬಸವನಿಗೆ ಬಂತು, ಆದರೆ ಅವನು ಹೇಳಲಿಲ್ಲ, ಬಿಡವ್ವಾ, ಒಳಗ ಎಲ್ಲಾ ಸಿಗತೈತಿ, ಅಂದ. ಎಲ್ಲವೂ ಸಿಕ್ಕಿದೆ, ಸಜ್ಜೆ ರೊಟ್ಟಿಯೊಂದು ಬಿಟ್ಟು. ಮೂಲೆಯ ಟೇಬಲ್ಲು ಸಿಕ್ಕಿತು, ಕೂತೆವು, ಕೊನೆಗೂ ಗಾಜಿನಾಚೆ ಸಮುದ್ರ, ಟೀವಿಯದ್ದಲ್ಲ, ಖರೇ ಸಮುದ್ರ, ನಮ್ಮ ಎರೆ ಹೊಲವನ್ನು ಯಾರೋ ನೀಲಿಯಲ್ಲಿ ಅದ್ದಿ ಹಾಸಿದ ಹಾಗೆ, ಸಾಲು ಸಾಲು, ಉತ್ತದ್ದು ಉತ್ತ ಹಾಗೇ ಇದೆ, ಎಷ್ಟು ಚಂದ, ಶಿವನೇ, ಎಷ್ಟು ಚಂದ, ಇದಕ್ಕೆ ಬದುವೇ ಇಲ್ಲವಲ್ಲ ಎಂದುಕೊಂಡೆ, ಬದು ಎಂದ ಕೂಡಲೇ, ಊರಾಗ ಇಷ್ಟೊತ್ತಿಗೆ ಬಂಡಿ ಹೂಡಿರತಾರ, ಎಂದು ಬಾಯಿಂದ ಬಂತು. ಅದಕ್ಕೆ ನಿರ್ಮಲಾ, ಇಡ್ಲಿ ಮುರಿಯುತ್ತ, ಏನೂ ಮನಸ್ಸಿನಲ್ಲಿಲ್ಲದೆ, ನಾವು ಸಂಕ್ರಾಂತಿ ಆದಮ್ಯಾಲೆ ಹೋಗೂದಂತ ಮಾಡಿದ್ವಿರಿ ಅತ್ತಿ, ಕಾಕಾರ ಬ್ಯಾಡಂದ್ರು, ಅಮಾಸಿ ದಿನಾನ ಬುಕ್ ಮಾಡ್ರಿ, ಅವತ್ತ ಅಗ್ಗ ಐತಿ ಅಂತ ತಾವ ಮೊಬೈಲ್ನ್ಯಾಗ ಹುಡುಕಿ ಕೊಟ್ರು, ಅಂದಳು.

ಕೈಯಲ್ಲಿದ್ದ ಇಡ್ಲಿ ಕೈಯಲ್ಲೇ ಉಳಿಯಿತು. ಕಾಕಾ. ಅಂದರೆ ಗುರುಸಂಗಪ್ಪ. ಅಂದರೆ ಸಮುದ್ರ ತೋರಿಸುವ ಉಮೇದು ನನ್ನ ಮಗನದಲ್ಲ, ಸಂಗನಬಸವ ಆಮ್ಲೆಟ್ಟಿನೊಳಗೆ ಮುಖ ಇಟ್ಟಿದ್ದಾನೆ, ಕಿವಿ ಕೆಂಪಾಗಿವೆ, ಖರೇ ಏನೋ ತಮ್ಮಾ, ಇದು ಅಂವ ಆರಿಸಿದ ದಿನಾ ಏನು, ಎಂದೆ, ಹೂಂ ಅವ್ವಾ, ಅದಕ್ಕೇನಾತು, ರಜಾದಾಗ ಆತು, ಅಗ್ಗನೂ ಆತು, ಎಂದ, ಅದಕ್ಕೇನಾಯಿತಂತೆ, ಬೆಣ್ಣೆ ಹಚ್ಚಿ ಹೊಸ್ತಿಲು ದಾಟಿಸಿದ್ದಾನೆ ನಿನ್ನ ಕಾಕಾ, ಕಾರಿನ ಬಾಗಿಲು ತೆಗೆದು ಕೂರಿಸಿದ್ದಾನೆ, ಸ್ಟೇಷನ್ನಿನಲ್ಲಿ ಬಾಳೆಹಣ್ಣು ಕೊಡಿಸಿದ್ದಾನೆ, ರೈಲು ಬಿಡುವ ತನಕ ನಿಂತು ಕೈ ಬೀಸಿದ್ದಾನೆ, ನಾನು ಹೋದದ್ದು ಖಾತ್ರಿ ಮಾಡಿಕೊಳ್ಳಲು ನಿಂತಿದ್ದ ಅವನು, ನಾನೋ ಎಷ್ಟು ಒಳ್ಳೆಯ ಮೈದುನ ಎಂದು ಕಣ್ಣು ಒರೆಸಿಕೊಂಡೆ. ಅವ್ವಾ, ಸುಮ್ನ ತಲಿ ಕೆಡಿಸ್ಕೋಬ್ಯಾಡ, ಕಾಗದದಾಗ ಹೊಲ ನಮ್ಮ ಹೆಸರಿನ್ಯಾಗ ಐತಿ, ಒಂದ ಬುಟ್ಟಿ ಅನ್ನಾ ಚೆಲ್ಲಿದ್ರ ಅವಂದ ಆಗತೈತೇನ ಹೊಲಾ — ಕಾಗದವಂತೆ, ಅಂಗಡಿಯ ಕುರ್ಚಿಯಲ್ಲಿ ಕೂತವನಿಗೆ ಕಾಗದ ಕಾಣುತ್ತದೆ, ಊರಿಗೆ ಕಾಗದ ಕಾಣುವುದಿಲ್ಲ ಮಗನೇ, ಊರಿಗೆ ಕಾಣುವುದು ಅಮಾವಾಸ್ಯೆಯ ದಿನ ಬದುವಿನ ಮೇಲೆ ಯಾರು ಮುಂದೆ ನಡೆದರು ಎಂಬುದು, ಆಳು ಬರುವುದು ಅವನು ಕರೆದರೆ, ಟ್ರ್ಯಾಕ್ಟರ್ ತಿರುಗುವುದು ಅವನು ಹೇಳಿದಲ್ಲಿ, ನಾಳೆ ನಾನು ಹೋಗಿ ಇದು ನನ್ನ ಹೊಲ ಎಂದರೆ ಹೌದವ್ವಾ ಎಂದು ನಕ್ಕು ಅವನ ಮುಖ ನೋಡುತ್ತಾರೆ. ನನಗೆ ಈಗ ತಂಬಿಗೆಯೊಂದೇ ಕಾಣುತ್ತಿದೆ, ನೆಗ್ಗಿನಲ್ಲಿ ಕೂತ ಅವನ ಹೆಬ್ಬೆರಳು. ಎದ್ದೆ. ಎಲ್ಲಿಗೆ ಅವ್ವಾ, ಮ್ಯಾಲೆ, ಮ್ಯಾಲೆ ಅಂದ್ರ, ಎಲ್ಲಿ ಫೋನು ಹತ್ತತೈತೋ ಅಲ್ಲಿಗೆ, ಗೋವಾ ಸಮೀಪ ಬಂದರೆ ಫೋನು ತಾನೇ ಹತ್ತುತ್ತದೆಂದು ನಿನ್ನೆ ನೀನೇ ಹೇಳಿದ್ದೆ.

ಲಿಫ್ಟಿನ ಮುಂದೆ ಜಾತ್ರೆ, ಮೆಟ್ಟಿಲು ಹಿಡಿದೆ, ಮೊಣಕಾಲು ಬೈಯುತ್ತದೆ, ಬೈದುಕೊಳ್ಳಲಿ, ಹಿಂದಿನಿಂದ ಆಯೀ ಆಯೀ ಎಂದು ಚಿನ್ನು, ಅವಳ ಹಿಂದೆ ನಿರ್ಮಲಾ, ಅವಳ ಹಿಂದೆ ತಟ್ಟೆಯನ್ನೂ ಬಿಡದೆ ಸಂಗನಬಸವ, ಎರಡು ಮಹಡಿ ಏರುವಷ್ಟರಲ್ಲಿ ಉಸಿರು ಗಂಟಲಿಗೆ ಬಂತು, ನಡು ಬದುವಿಗೆ ಕಲ್ಲು ಹೊತ್ತ ವರ್ಷವೂ ಹೀಗೇ ಬರುತ್ತಿತ್ತು, ಅಣ್ಣತಮ್ಮಂದಿರು ಬೇರೆಯಾದ ಬೇಸಿಗೆ, ಎರಡು ಪಾಲಿನ ನಡುವೆ ಬದು ಹಾಕುವಾಗ ಅಂದಾನೆಪ್ಪ ಕಲ್ಲು ಎತ್ತಿ ನನ್ನ ತಲೆಯ ಮೇಲಿಡುತ್ತಿದ್ದ, ಸಾಕೇನ, ಇನ್ನೊಂದು ಇಡ್ರಿ, ಸಾಕೇನ, ಇಡ್ರಿ, ಅದನ್ನು ಈಗ ಗುರುಸಂಗಪ್ಪ ಒಡೆಯಬೇಕೆನ್ನುತ್ತಾನೆ, ನಡು ಬದು ಸುಮ್ನ ಜಾಗಾ ತಿಂತೈತಿ ವೈನಿ, ತಗದ್ರ ಎರಡೂ ಕೂಡಿ ಒಂದ ದೊಡ್ಡ ಹೊಲ ಆಗತೈತಿ ಎಂದು ಬೇಸಿಗೆಯಲ್ಲಿ ಕೇಳಿದ್ದ, ನಾ ಇರೂತನಾ ಆಗೂದಿಲ್ಲ ಎಂದಿದ್ದೆ, ನಕ್ಕಿದ್ದ, ಎಷ್ಟು ಸಣ್ಣಗೆ ನಕ್ಕಿದ್ದ. ಬಾಗಿಲು ತಳ್ಳಿದೆ, ಗಾಳಿ ಬಂದು ಕಪಾಳಕ್ಕೆ ಹೊಡೆಯಿತು, ಸೆರಗು ಹಾರಿತು, ನಡುವಿಗೆ ಸಿಕ್ಕಿಸಿದೆ, ಹೊಂಡದಲ್ಲಿ ನೀರಿಗಿಂತ ಜನ ಹೆಚ್ಚು, ಗಂಡಸರು ಬರಿಮೈಯಲ್ಲಿ, ಡಬ್ಬಿಯಂಥ ಸ್ಪೀಕರುಗಳಿಂದ ಧಡ್ ಧಡ್ ಎಂದು ಹಾಡು, ಅದಕ್ಕೆ ಕುಣಿಯುವ ಅಜ್ಜಿಯರು, ಕುಣಿಯಲಿ, ಚಲೋ ಆಯಿತು, ಇನ್ನೊಂದು ದಿನವಾದರೆ ನಾನೂ ಕುಣಿಯುತ್ತೇನೆ, ಇವತ್ತು ಬೇರೆ ಕೆಲಸವಿದೆ, ಕಟಕಟೆಯ ತನಕ ಹೋಗಿ ನಿಂತೆ, ದೂರದಲ್ಲಿ ಮಸುಕಾಗಿ ಒಂದು ಗೆರೆ, ನೆಲ, ಅದರಾಚೆ ಗುಡ್ಡ, ಗುಡ್ಡದಾಚೆ ಎಲ್ಲೋ ಧಾರವಾಡ, ಗದಗ, ಅಬ್ಬಿಗೇರಿ, ನನ್ನ ಹೊಲ. ಕೈಯಲ್ಲಿ ಫೋನು ಎತ್ತಿ ಹಿಡಿದೆ. ಏನೂ ಇಲ್ಲ. ಏನೂ ಇಲ್ಲ. ಬಿಸಿಲು ನೆತ್ತಿಗೆ ಬರುತ್ತಿದೆ, ಬನ್ನಿಗಿಡದ ಬುಡದಲ್ಲಿ ಪೂಜೆ ಮುಗಿಯುತ್ತ ಬಂದಿರಬೇಕು, ಸಂಗನಬಸವ ಪಕ್ಕಕ್ಕೆ ಬಂದು, ಅವ್ವಾ, ಬಾ ನೆಳ್ಳಿಗೆ ಎಂದ, ನೀನು ಹೋಗು ನೆರಳಿಗೆ ಎಂದೆ, ನಿಂತೇ ಇದ್ದೆ, ಎಷ್ಟು ಹೊತ್ತೋ, ಕೈ ಸೋತು ಇನ್ನೊಂದು ಕೈಗೆ ಬದಲಿಸಿದೆ, ಆಗ ಫೋನು ಮೈ ನಡುಗಿಸಿ ಟಿಣ್ ಟಿಣ್ ಟಿಣ್ ಎಂದಿತು.

ಸಾಬೀರಾಳ ದನಿ. ನಮ್ಮ ಹೊಲಕ್ಕೆ ಹತ್ತಿದ ಆಚೆಯ ಹೊಲ ಅವಳದು, ಗಂಡ ಮದರಸಾಬನ ಜೊತೆ ತಾನೂ ಕುಂಟೆ ಹೊಡೆಯುತ್ತಿದ್ದ ಹೆಂಗಸು, ಅವರೂ ಚರಗ ಚೆಲ್ಲುತ್ತಾರೆ, ಅವಳ ಬುಟ್ಟಿಯ ಮಾದಲಿ ನಮಗೆ, ನಮ್ಮ ಕಡಬು ಅವಳಿಗೆ, ಬರೆಯಲು ಬಾರದೆ ಫೋನಿನಲ್ಲಿ ಮಾತಾಡಿ ಕಳಿಸುತ್ತಾಳೆ, ಅಕ್ಕಾ, ಸಿದ್ಲಿಂಗಕ್ಕಾ, ಎಲ್ಲಿದ್ದೀಯವ್ವಾ, ಮುಂಜಾನಿಂದ ಫೋನ್ ಹಚ್ಚಾಕತ್ತೀನಿ, ಹತ್ತವಲ್ದು, ನಿಮ್ಮ ಮೈದುನ ಊರ ಮಂದೀನೆಲ್ಲಾ ಊಟಕ್ಕ ಕರದಾನ, ಎರಡೂ ಹೊಲಕ್ಕೂ ಕೂಡಿ ಒಂದ ಸುತ್ತ ಚರಗಾ ಚೆಲ್ಲಾಂವ ಅದಾನಂತ, ನಡು ಬದುವಿನ ಮ್ಯಾಲೆ ಕಾಲ ಇಡೂದ ಇಲ್ಲಂತ, ಸುಗ್ಗಿ ರಾಶಿ ಆದಕೂಡ್ಲೆ ಬದು ಕೀಳಸ್ತೀನಿ ಅಂತ ಎಲ್ಲಾರ ಮುಂದ ಹೇಳಾಕತ್ತಾನ, ಅಕ್ಕಾ, ಇದಕ್ಕ ನೀ ಒಪ್ಪೀಯೇನ. ಒಂದೇ ಸುತ್ತು. ಎರಡೂ ಹೊಲದ ಹೊರ ಬದುವಿನಗುಂಟ ಒಂದೇ ಸುತ್ತು ಬಂದರೆ ಒಳಗಿನ ಬದು ಇಲ್ಲದ ಹಾಗೆ, ಒಂದೇ ಹೊಲ, ಒಬ್ಬನೇ ಒಡೆಯ, ಊರೇ ಉಂಡು ಸಾಕ್ಷಿಯಾಗುತ್ತದೆ, ಎಷ್ಟು ನುಣ್ಣಗೆ ಮಾಡಿದ್ದಾನೆ, ಜಗಳವಿಲ್ಲ, ಬೈಗುಳವಿಲ್ಲ, ಒಂದು ಬುಟ್ಟಿ ಕಿಚಡಿ ಮತ್ತು ನನ್ನ ತಂಬಿಗೆ. ಸಂಗನಬಸವನೂ ಕೇಳಿಸಿಕೊಂಡ, ಅವನ ಮುಖ ನೋಡಿದೆ, ಮಗುವಾಗಿದ್ದಾಗ ಏನಾದರೂ ಒಡೆದು ನಿಂತರೆ ಹೀಗೇ ಇರುತ್ತಿತ್ತು, ಈಗೇನ ಮಾಡೂದವ್ವಾ, ನಾವು ಹಡಗಿನ್ಯಾಗ ಅದೀವಿ, ಎಂದ. ಹಡಗಿನಲ್ಲಿದ್ದರೇನು, ನಾಲಗೆ ಬಿಟ್ಟು ಬಂದಿದ್ದೇನೆಯೇ. ನಿರ್ಮಲಾ, ಸಾಬೀರಾಳಿಗೆ ಚಿತ್ರ ಕಾಣುವ ಫೋನು ಹಚ್ಚು.

ಹತ್ತಿತು. ಮೊದಲು ಬರಿಯ ಬಿಳಿ, ಆಮೇಲೆ ಜೋಳ, ನನ್ನ ಜೋಳ, ಆಳೆತ್ತರ ತೆನೆ ಹೊತ್ತು, ಆಮೇಲೆ ಸಾಬೀರಾಳ ಸುಕ್ಕಿನ ಮುಖ ತೀರಾ ಹತ್ತಿರ, ಅಕ್ಕಾ, ಕೇಳತೈತೇನ, ಕೇಳತೈತವ್ವಾ, ಅಂವ ಎಲ್ಲಿ ಅದಾನ, ಬನ್ನಿಗಿಡದ ಕಡೆ ಪೂಜಾ ಮಾಡಾಕತ್ತಾನ, ಇನ್ನೂ ಚೆಲ್ಲಿಲ್ಲ, ಇನ್ನೂ ಚೆಲ್ಲಿಲ್ಲವಂತೆ, ಶಿವನೇ, ಇನ್ನೂ ಚೆಲ್ಲಿಲ್ಲ, ಸಾಬೀರಾ, ನಿನ್ನ ಬುಟ್ಯಾಗ ಚರಗಾ ಉಳದೈತೇನ, ಐತಿ ಅಕ್ಕಾ, ಹಂಗಾದ್ರ ಎತ್ತಿಕೋ, ನಿನ್ನ ಸೊಸಿ ಹಸೀನಾನ ಕೈಯಾಗ ಫೋನ್ ಕೊಡು, ಆಕಿ ಹಿಂದ ಹಿಡಕೊಂಡು ಬರ್ಲಿ, ನೀ ನನ್ನ ನಡು ಬದುವಿನ ಮ್ಯಾಲೆ ಹತ್ತು, ಮೊದಲ ನಡು ಬದು, ಆಮ್ಯಾಲೆ ಉಳದದ್ದು, ನೀ ಚೆಲ್ಲು, ನಾ ಕೂಗ್ತೀನಿ. ಹೆಣ್ಣು ಕೂಗುವುದೇ, ಹೆಣ್ಣು ಚೆಲ್ಲುವುದೇ, ಅದೂ ಇನ್ನೊಬ್ಬರ ಹೊಲದಲ್ಲಿ, ಅವಳ ಕಣ್ಣಲ್ಲಿ ಅದೆಲ್ಲ ಹಾಯ್ದುಹೋದದ್ದು ಕಂಡೆ, ಆಮೇಲೆ ಸೆರಗು ನಡುವಿಗೆ ಸಿಕ್ಕಿಸಿದಳು, ನಾನು ಇಲ್ಲಿ ಸಿಕ್ಕಿಸಿದ ಹಾಗೆಯೇ, ಕೂಗು ಅಕ್ಕಾ, ಅಂದಳು. ಬಾಯಿ ತೆರೆದೆ. ಇಷ್ಟು ವರ್ಷ ಬಾಯೊಳಗೇ ಕೂಗಿದ್ದು ಹೊರಗೆ ಬರಲು ಹಾದಿ ಹುಡುಕುತ್ತಿತ್ತೋ ಏನೋ, ಹೊಟ್ಟೆಯಿಂದ ಎಳೆದೆ, ಹುಲ್ಲುಲ್ಲಿಗೋ, ಹಡಗಿನ ಧಡ್ ಧಡ್ ಹಾಡನ್ನು ಸೀಳಿ ಹೋಯಿತು, ಹೊಂಡದೊಳಗಿನ ತಲೆಗಳೆಲ್ಲ ಇತ್ತ ತಿರುಗಿದವು, ಫೋನಿನಲ್ಲಿ ಸಾಬೀರಾಳ ಕೈ ಬುಟ್ಟಿಗೆ ಹೋಗಿ ಮೇಲೆದ್ದು ತೆರೆಯಿತು, ಬೆಳ್ಳನೆಯ ಅನ್ನ ಜೋಳದ ಮೇಲೆ ಚೆದುರಿತು, ಆದರೆ ಓಗೊಡುವವರು ಯಾರು, ಕೂಗಿಗೆ ಓಗೊಡದಿದ್ದರೆ ಅದು ಚರಗವೇ ಅಲ್ಲ, ಸಂಗನಬಸವ ನೆಲ ನೋಡುತ್ತ ನಿಂತಿದ್ದಾನೆ, ಅವ್ವಾ, ಮಂದಿ ನೋಡಾಕತ್ತಾರ — ಚಲ್ಲಂಬರಿಗೋ. ಯಾರದು. ನಿರ್ಮಲಾ. ನನ್ನ ಸೊಸೆ ನಿರ್ಮಲಾ, ಫೋನು ಎತ್ತಿ ಹಿಡಿದು, ಕುತ್ತಿಗೆಯ ನರ ಉಬ್ಬಿಸಿಕೊಂಡು, ಅಸೂಟಿ ಊರಿನ ರೈತನ ಮಗಳು, ಅಪ್ಪನ ಹೊಲದಲ್ಲಿ ಲಂಗ ಎತ್ತಿಕಟ್ಟಿ ಓಗೊಟ್ಟಿದ್ದ ಹುಡುಗಿ, ನಾನು ಇವಳನ್ನು ಬರಿಯ ಪಿನ್ನು ಕಚ್ಚುವವಳೆಂದುಕೊಂಡಿದ್ದೆನಲ್ಲ, ಕೂಗ್ರಿ ಅತ್ತಿ, ನಿಂದರಬ್ಯಾಡ್ರಿ, ಅಂದಳು, ಅವಳ ಕಣ್ಣು ತುಂಬಿವೆ, ನನ್ನವೂ.

ಸಮವಸ್ತ್ರದವನೊಬ್ಬ ಓಡಿ ಬಂದ, ಮಾಜೀ, ಸಮುದ್ರಕ್ಕೆ ಏನೂ ಎಸೆಯುವಂತಿಲ್ಲ, ಎಂದೋ ಏನೋ ಹಿಂದಿಯಲ್ಲಿ, ನಾನು ಎರಡೂ ಕೈ ಬಿಡಿಸಿ ತೋರಿಸಿದೆ, ಕುಛ್ ನಹೀ ಫೇಕತಾ, ಖಾಲೀ ಚಿಲ್ಲಾತಾ, ಅಷ್ಟು ಹಿಂದಿ ಬಂತು ನನಗೆ, ಬೇಕಾದಾಗ ಬಂತು, ಕೂಗುವುದಕ್ಕೂ ನಿಮ್ಮಲ್ಲಿ ಬೇರೆ ರೊಕ್ಕವೇ, ಅವನು ತಲೆ ಕೆರೆದುಕೊಂಡು ನಿಂತ, ಹುಲ್ಲುಲ್ಲಿಗೋ, ಚಲ್ಲಂಬರಿಗೋ, ಈಗ ಚಿನ್ನೂ ಸೇರಿತು, ಈಗ ಆ ಕಡೆಯಿಂದ ಹೊಲದಲ್ಲಿದ್ದ ಹೆಣ್ಣಾಳುಗಳ ದನಿಯೂ ಸೇರಿತು, ಒಂದು, ಎರಡು, ಆಮೇಲೆ ಒಟ್ಟಿಗೆ ಎಲ್ಲರೂ, ನಮ್ಮ ಸಿದ್ಲಿಂಗವ್ವ ಹಡಗಿನ್ಯಾಗಿಂದ ಕೂಗಾಕತ್ತಾಳೋ, ಎಂದು ಯಾರೋ ನಕ್ಕರು, ನಗಲಿ, ನಗುತ್ತಲೇ ಓಗೊಡಲಿ, ಸಾಬೀರಾಳ ಬೆನ್ನು ಬದುವಿನ ಮೇಲೆ ಮುಂದೆ ಮುಂದೆ ಹೋಗುತ್ತಿದೆ, ಈ ಬೆನ್ನು ನೋಡಲು ಎಷ್ಟು ಸುಖ, ಅಂದಾನೆಪ್ಪ, ನೋಡುತ್ತಿದ್ದೀಯಾ, ನಿನ್ನ ಕಲ್ಲುಗಳ ಮೇಲೆ ಚರಗ ಬೀಳುತ್ತಿದೆ, ಒಂದೊಂದು ಕಲ್ಲೂ ನನಗೆ ಗೊತ್ತು. ಆಗ ಜೋಳ ಸರಿಸಿಕೊಂಡು ಅವನು ಬಂದ. ಇಸ್ತ್ರಿಯ ಬಿಳಿ ಅಂಗಿ, ಹಿಂದೆ ಊಟಕ್ಕೆ ಬಂದ ಊರಿನ ಹಿರಿಯರು, ಏ ಸಾಬೀರಾ, ಇದೇನ ಹಚ್ಚೀದಿ, ಯಾರ ಹೊಲದಾಗ ಯಾರ ಚರಗಾ, ನಿಲ್ಲು ಮೊದ್ಲ, ಸಾಬೀರಾಳ ಕಾಲು ತಡೆಯಿತು, ತಿರುಗಬ್ಯಾಡ ಸಾಬೀರಾ, ಹಿಂದ ತಿರುಗಿ ನೋಡಬ್ಯಾಡ, ನಡೀ ಮುಂದಕ್ಕ, ಹಸೀನಾ, ಫೋನ್ ಅವನ ಕಡೆ ಹಿಡಿ, ಹಿಡಿದಳು, ಅವನು ನನ್ನನ್ನು ನೋಡಿದ, ಅಂಗೈಯಗಲದ ನನ್ನನ್ನು, ಹಿಂದೆ ಸಮುದ್ರ, ಗಾಳಿಗೆ ಹಾರುವ ಬಿಳಿ ಕೂದಲು, ವೈನಿ, ಅಂದ. ನನ್ನ ಹೊಲ ಗುರುಸಂಗಪ್ಪಾ, ನನ್ನ ಚರಗಾ, ನಿನ್ನ ಹೊಲಕ್ಕ ನಿನ್ನ ಸುತ್ತ ನೀ ಹಾಕ್ಕೋ, ನನ್ನ ಹೊಲದ ಸುತ್ತ ಬ್ಯಾರೆ, ಎಂದೆ, ಹಿರಿಯರೆಲ್ಲ ಕೇಳಲಿ ಎಂದು ನಿಧಾನಕ್ಕೆ, ಒಂದೊಂದಾಗಿ ಎಂದೆ, ಅವನ ಬಲಗೈಯಲ್ಲಿ ತಂಬಿಗೆ, ತುಂಬಿದ ತಂಬಿಗೆ, ಹಿರಿಯರ ಕಣ್ಣೆಲ್ಲ ಮೆಲ್ಲಗೆ ಅವನ ಮುಖದಿಂದ ಇಳಿದು ಆ ಕೈಗೆ ಬಂದು ನಿಂತವು, ನನಗೂ ಅದು ಆಗಲೇ ಹೊಳೆದದ್ದು, ನಾನೇ ಒರೆಸಿ ನಾನೇ ಕೊಟ್ಟದ್ದು, ಮತ್ತ ಯಾಕ ನಿಂತೀ, ತಂಬಗಿ ಹಿಡದಾಂವ ಹಿಂದ ಬರಬೇಕು, ಬಾ, ನೀರ ಬಿಡಕೋಂತ ಬಾ, ಹುಲ್ಲುಲ್ಲಿಗೋ, ಚಲ್ಲಂಬರಿಗೋ, ಈ ಸಲ ನನ್ನ ಕಿವಿಯ ಹತ್ತಿರ ಒಂದು ಗಂಡು ದನಿ, ಸಂಗನಬಸವ, ಒಡೆದ ದನಿಯಲ್ಲಿ, ಇನ್ನೊಮ್ಮೆ ಕೂಗಲು ಉಸಿರೆಳೆದುಕೊಂಡೆ, ಅಷ್ಟರಲ್ಲಿ ನಿರ್ಮಲಾ, ಅಯ್ಯ ಅತ್ತಿ, ನಿಂತ್ ಬಿಡ್ತ್ರಿ, ಎಂದಳು, ಚಿತ್ರ ನಿಂತುಬಿಟ್ಟಿದೆ, ಜೋಳ ಅಲುಗುವುದಿಲ್ಲ, ಯಾರೂ ಅಲುಗುವುದಿಲ್ಲ, ಅವನ ಒಂದು ಕಾಲು ನೆಲದಲ್ಲಿ, ಒಂದು ಕಾಲು ನನ್ನ ನಡು ಬದುವಿನ ಕಲ್ಲಿನ ಮೇಲೆ, ಸಾಬೀರಾಳ ಹಿಂದೆ, ಮುಖ ಮಸುಕಾಗಿದೆ, ಮುಖ ನನಗೆ ಬೇಕಿಲ್ಲ, ಕೈ ಸ್ಪಷ್ಟವಾಗಿದೆ, ನೆಗ್ಗಿನಲ್ಲಿ ಹೆಬ್ಬೆರಳು, ತಂಬಿಗೆ ಬಾಗಿದೆ, ಬಾಯಂಚಿಗೆ ನೀರು ಬಂದು ನಿಂತಿದೆ, ಬಿದ್ದಿಲ್ಲ, ಇನ್ನೇನು ಬೀಳುತ್ತದೆ, ತಂಬಿಗೆ, ಬಾಗಿದ ತಂಬಿಗೆ, ಅವನ ಕೈಯಲ್ಲಿ ತಂಬಿಗೆ